ಚಿಕ್ಕಪ್ಪನ ನೀರಿನ ಪೆಟ್ರೋಲ್

ಪುಟ್ಟಾ, ಇವತ್ತು ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಬ್ಲೀಚಿಂಗ್ ಪೌಡರ್ ವಾಸನೆ ಮೂಗಿಗೆ ಹೊಡೆಯಿತು. ಅಷ್ಟಕ್ಕೇ ನಿನ್ನ ಈ ಅಕ್ಕ ವಿಜಯನಗರದ ಆ ಬಾಡಿಗೆ ಮನೆಯ ಹುಡುಗಿಯಾಗಿಬಿಟ್ಟಳು.

ನೀನಿನ್ನೂ ತೊಟ್ಟಿಲ ಕೂಸು, ನಿನ್ನಮ್ಮನ ಜೊತೆ ಅವರ ತವರಿನಲ್ಲಿದ್ದೆ. ನಿನ್ನಪ್ಪ, ಅಂದರೆ ನನ್ನ ಚಿಕ್ಕಪ್ಪ, ನೀರಿನಿಂದ ಹೈಡ್ರೋಜನ್ ತೆಗೆದು ಸ್ಕೂಟರ್ ಓಡಿಸುತ್ತೇನೆಂದು ಬಚ್ಚಲುಮನೆ ಸೇರಿಕೊಂಡಿದ್ದ. ಅಮ್ಮ ಹಿಡಿದಿಟ್ಟ ಕಾವೇರಿ ನೀರಿನ ಬಕೆಟ್ಟಿಗೆ ಸ್ಟೀಲ್ ಚಮಚ ಇಳಿಬಿಟ್ಟು, ಬ್ಯಾಟರಿಯ ವೈರ್ ಸಿಕ್ಕಿಸಿ, ಕರೆಂಟ್ ಚೆನ್ನಾಗಿ ಹರಿಯಲೆಂದು ಕಲ್ಲುಪ್ಪು ಸುರಿದ. ಗ್ಯಾಸ್ ದಂಡವಾಗಬಾರದೆಂದು ಮನೆಯ ಕಿಟಕಿ ಬಾಗಿಲನ್ನೆಲ್ಲ ಮುಚ್ಚಿಸಿದ.

ನಡುಮನೆಯಲ್ಲಿ ಮಲಗಿದ್ದ ಉಬ್ಬಸದ ಅಜ್ಜಿ ಕೆಮ್ಮತೊಡಗಿದರು. "ಏನೋ ಅದು ಗಬ್ಬುನಾತ?"

"ಹೈಡ್ರೋಜನ್‌ಗೆ ವಾಸ್ನೇನೇ ಇರಲ್ಲ ಕಣಮ್ಮ. ಅದು ನಲ್ಲಿ ನೀರಿಂದು. ಸುಮ್ನೆ ಮಲ್ಕೋ."

ಉಪ್ಪುನೀರಿಗೆ ಕರೆಂಟ್ ಕೊಟ್ಟರೆ ಕ್ಲೋರಿನ್ ಎಂಬ ವಿಷಗಾಳಿಯೂ ಏಳುತ್ತದೆಂದು ಎಷ್ಟೋ ವರ್ಷದ ಮೇಲೆ ನಾನೇ ಓದಿ ತಿಳಿದುಕೊಂಡೆ. ಅವತ್ತು ಕಂಡದ್ದು ನೀಲಿಗಟ್ಟಿದ ಅಜ್ಜಿಯ ತುಟಿ ಮಾತ್ರ.

"ಬಾಗ್ಲು ತೆಗಿಯೋ ಪಾಪಿ! ಅತ್ತೆಗೆ ಉಸಿರೇ ಬರ್ತಿಲ್ಲ!" ಅಮ್ಮ ಕಿರುಚಿದರು.

"ನಿಧಾನ ಅತ್ತಿಗೆ, ಬಕೆಟ್ ಉರುಳುತ್ತೆ!" ಅಂದ ಅವನು.

ಅಮ್ಮ ಅಜ್ಜಿಯನ್ನು ಎತ್ತಿಕೊಂಡು ಬೀದಿಗೆ ಓಡಿದರು. ಹಿಂದೆಯೇ ಅವನೂ ಬಂದ, ಎರಡೂ ಕೈಯಲ್ಲಿ ಬಕೆಟ್ ಹಿಡಿದು, ನೀರು ತುಳುಕದ ಹಾಗೆ. ಅಜ್ಜಿ ಹೇಗೋ ಉಳಿದರು. ಅಮ್ಮ ಮಾತ್ರ ಅವನೊಂದಿಗೆ ಮತ್ತೆ ಮಾತಾಡಲಿಲ್ಲ.

ಪುಣ್ಯತಿಥಿಯ ಆಹ್ವಾನದಲ್ಲಿ ಅವನನ್ನು ವಿಜ್ಞಾನಿ ಎಂದು ಬರೆದು, ಭಾನುವಾರ ಫೋಟೋಗೆ ಹಾರ ಹಾಕಲು ನನ್ನನ್ನು ಕರೆದಿದ್ದೀಯ. ಬರುತ್ತೇನೆ ಕಂದಾ, ನಿನಗೋಸ್ಕರ. ಹಾರ ಮಾತ್ರ ನೀನೇ ಹಾಕು.