ಕೇದಗೆಯೂ ನಮ್ಮ ಬೀದಿಯ ಮೂಗುಗಳೂ

ಪಂಚೇಂದ್ರಿಯಗಳಲ್ಲಿ ಮೂಗಿಗೆ ಸಿಗುವಷ್ಟು ಕಡಿಮೆ ಮರ್ಯಾದೆ ಬೇರಾವುದಕ್ಕೂ ಸಿಗುವುದಿಲ್ಲ. ಕಣ್ಣು ಮಂದವಾದರೆ ಉಚಿತ ಶಿಬಿರ ನಡೆಯುತ್ತದೆ, ಕಿವಿ ಮಂದವಾದರೆ ಯಂತ್ರ ಬರುತ್ತದೆ, ನಾಲಿಗೆ ಕೆಟ್ಟರಂತೂ ಊರಿಗೆಲ್ಲ ಗೊತ್ತಾಗುತ್ತದೆ. ಮೂಗು ಕೆಟ್ಟಿತೆಂದರೆ ಮಾತ್ರ ಜನ ನಗುತ್ತಾರೆ. ಕನ್ನಡಕ ಜಾರದಂತೆ ದೇವರು ಬಡಿದ ಗೂಟ, ಪಕ್ಕದ ಮನೆಯ ವಿಷಯದಲ್ಲಿ ತೂರಿಸಲು ಕೊಟ್ಟ ಸಲಕರಣೆ, ಇವೆರಡನ್ನು ಬಿಟ್ಟರೆ ಚನ್ನಗಿರಿಯ ನಮ್ಮ ಬಡಾವಣೆಯಲ್ಲಿ ಅದಕ್ಕೆ ಬೇರೆ ಉದ್ಯೋಗವಿದೆಯೆಂದು ನಾನೂ ಬಹಳ ಕಾಲ ತಿಳಿದಿರಲಿಲ್ಲ.

ತಿಳಿದದ್ದು ನನ್ನ ಹೆಂಡತಿ ಗಿರಿಜೆಯ ಮೂಗು ಕೈಕೊಟ್ಟಾಗ. ಕೊರೊನಾ ಕಾಲದಲ್ಲಿ ಇಬ್ಬರಿಗೂ ಜ್ವರ ಬಂತು. ನನ್ನ ಘ್ರಾಣಶಕ್ತಿ ತಿಂಗಳೊಳಗೆ ಮರಳಿತು, ಅವಳದು ಮರಳಲಿಲ್ಲ. ಇಂಗಿನ ಒಗ್ಗರಣೆಯನ್ನು ಬಣ್ಣ ನೋಡಿ ಹಾಕುವುದನ್ನು ರೂಢಿಸಿಕೊಂಡಳು, ಅದರ ಬಗ್ಗೆ ತಮಾಷೆಯನ್ನೂ ಮಾಡಿದಳು. ಆದರೆ ಮಗಳು ಹೆತ್ತು ಮನೆಗೆ ಬಂದ ದಿನ ಎಳೆಗೂಸಿನ ನೆತ್ತಿಯನ್ನು ಮೂಸಿ, ಮತ್ತೊಮ್ಮೆ ಮೂಸಿ, "ಗೋಡೆ ಮೂಸಿದಂಗೆ ಐತ್ರೀ" ಎಂದು ಕೂಸನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ನನಗೆ ಆ ಹೊತ್ತು ಬಹಳ ಕಷ್ಟವಾಯಿತು.

ವೈದ್ಯರು ಕಾಯಿರಿ ಎಂದರು, ಅಷ್ಟನ್ನು ನಾವು ಮನೆಯಲ್ಲಿಯೇ ಮಾಡುತ್ತಿದ್ದೆವು. ಬಂಧುಗಳು ಮಾತ್ರ ಕಾಯುವ ಜಾತಿಯವರಲ್ಲ. ನ್ಯಾಮತಿಯ ನನ್ನ ತಂಗಿ ಲವಂಗ ಮತ್ತು ಕರ್ಪೂರದ ಪೊಟ್ಟಣ ಕಳಿಸಿದಳು. ಜಗಳೂರಿನ ಭಾವಮೈದ, ತಮ್ಮ ಊರಿನ ಒಣ ಗಾಳಿಗೆ ಎಂಥ ಮೂಗೂ ತೆರೆದುಕೊಳ್ಳುತ್ತದೆಂದು ಹೇಳಿ ಕರೆಸಿಕೊಂಡು, ಧೂಳು ಕುಡಿಸಿ ಕಳಿಸಿದ. ಹೊನ್ನಾಳಿಯ ನನ್ನ ಷಡ್ಡಕರದು ನಶ್ಯ. ಗಿರಿಜೆಗೆ ಬೇಕಾದಷ್ಟು ಸೀನು ಬಂತು, ವಾಸನೆ ಬರಲಿಲ್ಲ.

ನಾನು ಕಾಲೇಜಿನಲ್ಲಿ ಸಂಸ್ಕೃತ ಪಾಠ ಮಾಡಿ ನಿವೃತ್ತನಾದವನು, ಎಂದರೆ ಯಾವ ರೋಗಕ್ಕೂ ಉಪಯೋಗಕ್ಕೆ ಬಾರದ ವಿದ್ವಾಂಸ. ನನಗೂ ಒಂದು ಚಿಕಿತ್ಸೆ ಹೊಳೆಯಿತು. ಮದುವೆಯ ಹೊಸತರಲ್ಲಿ ಗಿರಿಜೆ ತವರಿನಿಂದ ತಂದ ಅವಳ ಅವ್ವನ ಟ್ರಂಕು ತೆಗೆದರೆ ಸೀರೆಗಳ ನಡುವೆ ಒಣಗಿದ ಕೇದಗೆಯ ಎಸಳುಗಳಿರುತ್ತಿದ್ದವು. ಆ ಪರಿಮಳಕ್ಕೆ ಅವಳು ಸೀರೆ ಹುಡುಕುವುದನ್ನೇ ಮರೆತು ಕೂರುತ್ತಿದ್ದಳು. ಮುಚ್ಚಿದ ಬಾಗಿಲನ್ನು ಯಾವುದಾದರೂ ಹೂವು ತೆರೆಸುವುದಿದ್ದರೆ ಅದು ಇದೇ ಎಂದು ತೀರ್ಮಾನಿಸಿ, ಕುಂದಾಪುರದ ಕಡೆಗೆ ಹೋದಾಗ ಹೂ ಬಿಟ್ಟಿದ್ದ ಮೆಳೆಯ ಬುಡದಿಂದ ಒಂದು ಕಂದನ್ನು, ಎಂದರೆ ಮರಿಗಿಡವನ್ನು, ಕೀಳಿಸಿ ಬಸ್ಸಿನಲ್ಲಿ ತಂದೆ. ಪಕ್ಕದಲ್ಲಿ ಕೂತಿದ್ದವರು ನಡುವೆಯೇ ಎದ್ದು ಬೇರೆ ಸೀಟಿಗೆ ಹೋದರು.

ಅವರದು ತಪ್ಪಲ್ಲ. ಕೇದಗೆಯ ಎಲೆ ಕತ್ತಿಯಷ್ಟು ಉದ್ದ, ಎರಡೂ ಅಂಚಿಗೆ ಮುಳ್ಳು, ಅದು ಸಾಲದೆಂಬಂತೆ ನಡುನರದ ಅಡಿಯಲ್ಲೂ ಮುಳ್ಳು. ಕಡಲ ದಂಡೆಯ ಮರಳು ಕಾಲಡಿ ಜರುಗುವುದರಿಂದ ಕಾಂಡದಿಂದ ಊರುಗೋಲಿನಂಥ ಬೇರುಗಳನ್ನು ಇಳಿಬಿಟ್ಟು ನಿಲ್ಲುವ ಜಾಣ ಮರವಿದು. ಇದರ ಎಲೆಯನ್ನು ಮುಳ್ಳು ತೆಗೆದು ಸೀಳಿ ಚಾಪೆ ಹೆಣೆಯುತ್ತಾರೆ, ಎಸಳನ್ನು ಹೆಂಗಸರು ಜಡೆಗೆ ಮುಡಿಯುತ್ತಾರೆ, ಹೂವಿನಿಂದ ಇಳಿಸಿದ ನೀರು ಕೇವಡಾ ಎಂಬ ಹೆಸರಿನಲ್ಲಿ ಪಕ್ಕದೂರು ಕೆರೆಬಿಳಚಿಯ ಮದುವೆಯೂಟದ ಸಿಹಿ ಅನ್ನವನ್ನು ಸೇರಿ, ಹೊಟ್ಟೆ ತುಂಬಿದ ನನ್ನಂಥವನನ್ನೂ ಇನ್ನೊಮ್ಮೆ ಎಲೆಯ ಮುಂದೆ ಕೂರಿಸುತ್ತದೆ. ಇದರಲ್ಲಿ ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ. ಹೆಣ್ಣು ಅನಾನಸಿನಂಥ ಭಾರದ ಕಾಯಿ ಹೊರುತ್ತದೆ. ಘಮಘಮಿಸುವ ಹೂ ಗಂಡಿನದು. ಸೃಷ್ಟಿಯಲ್ಲಿ ಗಂಡು ಸುವಾಸನೆ ಬೀರುವ ಅಪೂರ್ವ ನಿದರ್ಶನವೆಂದು ನಾನು ಎದೆಯುಬ್ಬಿಸಿ ವಿವರಿಸಿದಾಗ ಗಿರಿಜೆ, "ಅಲ್ಲೂ ಹೊರೋ ಕೆಲಸ ಹೆಣ್ಣಿಗೇ ಐತೆ ಅನ್ರಿ" ಎಂದು ಪಾತ್ರೆ ತೊಳೆಯಲು ಹೋದಳು.

ಬಚ್ಚಲ ನೀರು ಹರಿಯುವಲ್ಲಿ ನೆಟ್ಟ ಕಂದು ಕೆಲವೇ ವರ್ಷಗಳಲ್ಲಿ ಕಾಂಪೌಂಡನ್ನು ಮೀರಿತು. ಈ ಶ್ರಾವಣದಲ್ಲಿ ನಡುವಿನಿಂದ ಹೊಂಬಣ್ಣದ ಮೊನೆಯೊಂದು ತಲೆಯೆತ್ತಿದ್ದೇ ತಡ, ಬಡಾವಣೆಯ ಮೂಗುಗಳೆಲ್ಲ ಎಚ್ಚೆತ್ತವು. ಇವು ಸಾಮಾನ್ಯ ಮೂಗುಗಳಲ್ಲ. ಖಾಲಿ ಸೈಟಿನಲ್ಲಿ ನಿತ್ಯ ಪ್ಲಾಸ್ಟಿಕ್ ಸುಡುವ ಹೊಗೆ ಇವಕ್ಕೆ ತಾಗಿದ್ದಿಲ್ಲ, ಚರಂಡಿ ಕಟ್ಟಿಕೊಂಡು ನಾರಿದ್ದು ಇವಕ್ಕೆ ಗೊತ್ತಾಗಿದ್ದಿಲ್ಲ; ಇನ್ನೂ ಅರಳದ ಕೇದಗೆಯ ವಾಸನೆ ಮಾತ್ರ ಮೂರು ಬೀದಿಗಳಾಚೆಗೂ ಬಡಿಯಿತು. ಅದೇ ಸೈಟಿನ ಕಸದಲ್ಲಿ ಇಲಿ ಹಿಡಿಯಲು ಬಂದಿದ್ದ ಕೇರೆಹಾವೊಂದು ಯಾರ ಕಣ್ಣಿಗೋ ಬಿತ್ತು, ಸಂಜೆಯ ಹೊತ್ತಿಗೆ ಅದು ನಾಗರವಾಗಿ ನಮ್ಮ ಗಿಡವನ್ನು ಸುತ್ತಿಕೊಂಡಿತ್ತು.

ಎದುರುಮನೆಯ ರುದ್ರೇಶಪ್ಪನವರು ಬಡಾವಣೆ ಸಂಘದ ಅಧ್ಯಕ್ಷರು. ಹಣೆಯ ತುಂಬ ವಿಭೂತಿ, ಬಾಯಿಯ ತುಂಬ ಶಾಸ್ತ್ರ. "ಮೇಷ್ಟ್ರೇ, ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಶಿವನೇ ಬ್ಯಾಡ ಅಂದ ಹೂವಿದು. ಇದ್ದಲ್ಲಿ ಹಾವು ಬರಾಕೇ ಬೇಕು. ನೀವೇ ಕಡಿಸ್ರಿ, ಇಲ್ಲಾಂದ್ರೆ ನಾವು ಕಡಿಸ್ತೀವಿ" ಎಂದು ಗೇಟಿನ ಮೇಲೆ ಕೈಯಿಟ್ಟು ಹೇಳಿದರು. ಶಿವನಿಗೆ ಈ ಹೂವು ಬೇಡ, ಹಾವು ಬೇಕು. ನಿಮಗೆ ಶಿವ ಬೇಕು, ಹಾವು ಬೇಡ. ಮೊದಲು ನೀವಿಬ್ಬರು ಮಾತಾಡಿಕೊಂಡು ಬನ್ನಿ ಎಂದು ನಾನು ಉತ್ತರಿಸಿದೆ. ಮಾತಿನಲ್ಲಿ ಗೆದ್ದು ಕೆಲಸದಲ್ಲಿ ಸೋಲುವುದು ನನ್ನ ಹಳೆಯ ಚಾಳಿ. ಮಾರನೆಯ ಬೆಳಿಗ್ಗೆ ಅವರು ಹತ್ತಾರು ಜನರನ್ನೂ ಒಂದು ಮಚ್ಚನ್ನೂ ಕರೆದುಕೊಂಡು ಬಂದರು.

ಆ ಬೆಳಿಗ್ಗೆಯೇ ಹೂವು ಬಿರಿದಿತ್ತು. ಒಮ್ಮೆ, ಒಂದೇ ಒಂದು ಸಲ ನನ್ನ ಹೆಂಡತಿ ಮೂಸಿ ನೋಡಲಿ, ಆಮೇಲೆ ಏನು ಬೇಕಾದರೂ ಮಾಡಿಕೊಳ್ಳಿ ಎಂದು, ವಿದ್ವತ್ತನ್ನೆಲ್ಲ ಬದಿಗಿಟ್ಟು ಬೇಡಿಕೊಂಡೆ. ಗಿರಿಜೆ ಸೆರಗಿಗೆ ಕೈಯೊರೆಸುತ್ತ ಬಂದಳು. ಮಚ್ಚನ್ನು ನೋಡಿದಳು, ನನ್ನ ಮುಖವನ್ನು ನೋಡಿದಳು. ನಾನು ಮುಳ್ಳು ತರಚಿಸಿಕೊಂಡು ಕಿತ್ತುಕೊಟ್ಟ ಎಸಳನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು.

"ಬರ್ತೈತ್ರೀ" ಎಂದಳು. "ನಮ್ಮವ್ವನ ಟ್ರಂಕು ತೆಗೆದಂಗೆ ಐತೆ."

ರುದ್ರೇಶಪ್ಪನವರ ಹೆಂಡತಿ ಕಣ್ಣೊರೆಸಿಕೊಂಡು, "ಕಡಿಬ್ಯಾಡ್ರಿ, ಅಕ್ಕಂಗೆ ಮೂಗು ಕೊಟ್ಟ ಗಿಡ" ಎಂದರು. ಮಚ್ಚು ಮನೆಗೆ ಹೋಯಿತು. ಅಧ್ಯಕ್ಷರು ಹೋಗುವಾಗ ತಮ್ಮ ಮನೆಯ ಬೀರುವಿಗೆಂದು ಎರಡು ಎಸಳು ಕೇಳಿ ಪಡೆದರು, ಹಾವಿನ ಮಾತನ್ನು ಎತ್ತಲಿಲ್ಲ.

ನಾನು ಪಡಸಾಲೆಯಲ್ಲಿ ಕುಳಿತು ನ್ಯಾಮತಿಗೆ, ಹೊನ್ನಾಳಿಗೆ, ಜಗಳೂರಿಗೆ ಫೋನು ಹಚ್ಚಿದೆ. ಲವಂಗ, ನಶ್ಯ, ಒಣಗಾಳಿಗಳ ಮೇಲೆ ಕೇದಗೆ ಸಾಧಿಸಿದ ವಿಜಯವನ್ನು ಸವಿಸ್ತಾರವಾಗಿ ಬಣ್ಣಿಸಿದೆ, ಅದರಲ್ಲಿ ನನ್ನ ಪಾಲನ್ನು ಕಡಿಮೆ ಮಾಡಿ ಹೇಳಲಿಲ್ಲ. ಜಗಳೂರಿನ ಭಾವಮೈದನೊಂದಿಗೆ ಮಾತಾಡುತ್ತಿರುವಾಗ ಮೂಗಿಗೆ ಏನೋ ಘಾಟು ಬಡಿದು, ಫೋನಿಟ್ಟು ಒಳಗೆ ಹೋದೆ.

ಒಲೆಯ ಮೇಲೆ ಬೇಳೆ ತಳ ಹಿಡಿದು, ಸೀದು ಕರಿಯಾಗಿತ್ತು. ಮನೆಯೆಲ್ಲ ಅದರದೇ ವಾಸನೆ. ಒಲೆಗೆ ಬೆನ್ನು ಹಾಕಿ, ಅಡುಗೆಮನೆಯ ಹೊಸ್ತಿಲ ಬಳಿ ಟ್ರಂಕು ತೆರೆದಿಟ್ಟುಕೊಂಡು, ಗಿರಿಜೆ ಸೀರೆಯ ಮಡಿಕೆಗಳ ನಡುವೆ ಒಂದೊಂದೇ ಎಸಳನ್ನು ಇಡುತ್ತಿದ್ದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಬೆಳಿಗ್ಗೆಯೂ ಏನೂ ಗೊತ್ತಾಗಿರಲಿಲ್ಲವೆಂದು, ನನ್ನ ಗಿಡ ಉಳಿಯಲೆಂದು ಬೀದಿಯ ಜನರೆದುರು ಹಾಗೆ ಹೇಳಿದಳೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಸದ್ದಿಲ್ಲದೆ ಗ್ಯಾಸು ಆರಿಸಿ ಕಿಟಕಿ ತೆರೆದೆ.

ಅವಳು ತಲೆಯೆತ್ತಿ ನಕ್ಕಳು. "ಯಾಕ್ರೀ ಕಿಟಕಿ ತೆಗೆದ್ರಿ? ಇಷ್ಟು ಚಲೋ ಘಮ, ಎಲ್ಲಾ ಹೊರಗೆ ಹೋಗ್ತೈತೆ."

"ಹೌದು, ನನಗೆ ತೋಚಲಿಲ್ಲ" ಎಂದು ಕಿಟಕಿ ಮುಚ್ಚಿ, ಅವಳ ಪಕ್ಕದಲ್ಲಿ ಕುಳಿತುಕೊಂಡೆ.