ಔರಂಗಾಬಾದಿನಲ್ಲಿ ಜಲಾಂತರ್ಗಾಮಿಯ ಸಾಕ್ಷಿ

ಓಝರಿನ ವಿಮಾನ ಕಾರ್ಖಾನೆಗೆ ರಜೆ ಹಾಕಿ ನಾಶಿಕ್ ರೋಡಿನಲ್ಲಿ ರೈಲು ಹತ್ತಿದೆ. ಔರಂಗಾಬಾದಿನಲ್ಲಿ ಹೋಟೆಲು ನಡೆಸುವ ವಾಸಣ್ಣನೆಂಬವನು, ನನ್ನ ಅಪ್ಪ ಸಾಯುವಾಗ ತಾನು ಪಕ್ಕದಲ್ಲಿದ್ದೆನೆಂದು ಹೇಳಿ ಕಳಿಸಿದ್ದ. ಅಪ್ಪ ಹಡಗಿನ ಅಡುಗೆಯವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನ್ ಜಲಾಂತರ್ಗಾಮಿಯೊಂದು ಆ ಹಡಗನ್ನು ಅರಬ್ಬೀ ಸಮುದ್ರದಲ್ಲಿ ಮುಳುಗಿಸಿತ್ತು. ಅಪ್ಪ ಸತ್ತದ್ದನ್ನು ಕಂಡವರಿರಲಿಲ್ಲ. ಯಾವುದೋ ಬಂದರಿನಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಊರವರು ಆಡಿಕೊಂಡರು. ಅಮ್ಮ ಕುಂಕುಮ ಇಡುವುದನ್ನು ಬಿಟ್ಟಿರಲಿಲ್ಲ. "ಎಂತದ್ದಾದ್ರೂ ಸರಿ, ಸತ್ಯ ತಿಳ್ಕೊಂಡು ಬಾ" ಎಂದು ಕಳಿಸಿದ್ದಳು.

ಮನ್ಮಾಡಿನಲ್ಲಿ ಇಳಿದು, ಬಟಾಟೆ ವಡೆ ತಿಂದು, ಮೀಟರ್ ಗೇಜ್ ಗಾಡಿ ಹಿಡಿದೆ. ಬೋಗಿ ಬಿಸಿಲಿಗೆ ಕಾದಿತ್ತು. ಮುಂಬಯಿಯ ಗ್ರಂಥಾಲಯಗಳಲ್ಲಿ ಹುಡುಕಿ ಬಾಯಿಪಾಠ ಮಾಡಿದ್ದ ಆ ಜಲಾಂತರ್ಗಾಮಿಯ ಚರಿತ್ರೆಯನ್ನು ಮೆಲುಕು ಹಾಕಿದೆ. ಫ್ರಾನ್ಸಿನಿಂದ ಹೊರಟು, ಆಫ್ರಿಕ ಸುತ್ತಿ ನಮ್ಮ ಕಡಲಿಗೆ ಬಂತು. ಜಪಾನೀಯರ ವಶದಲ್ಲಿದ್ದ ಪಿನಾಂಗ್ ಬಂದರಿನಲ್ಲಿ ಎಣ್ಣೆ ತುಂಬಿಕೊಂಡಿತು. ಮನೆಗೆ ಮರಳುವಾಗ ವಿಮಾನದ ಬಾಂಬಿಗೆ ಸಿಕ್ಕಿ ಒಳಗಿದ್ದವರೊಂದಿಗೇ ತಳ ಸೇರಿತು. ಇಷ್ಟರಲ್ಲಿ ಅಪ್ಪನ ಹಡಗಿಗೆ ಸಿಕ್ಕಿದ್ದು ಒಂದೇ ಸಾಲು. ದೌಲತಾಬಾದಿನ ಕೋಟೆ ಕಾಣುವ ಹೊತ್ತಿಗೆ ನನ್ನ ಪಾಟೀಸವಾಲುಗಳು ಸಿದ್ಧವಾಗಿದ್ದವು.

"ಜಲಾಂತರ್ಗಾಮಿಯ ಗುರುತು ಹೇಳಿ," ಎಂದೆ ಹೋಟೆಲು ತಲುಪಿದವನೇ ವಾಸಣ್ಣನಿಗೆ.

"ಎಂತ ಗುರುತು ಮಾರಾಯ್ರೆ? ಮೇಲೆ ಬಂತು. ಹಡಗಿನ ಹೆಸರು ಕೇಳಿದ್ರು, ಹೋದ್ರು. ನಾವು ದೋಣಿಯಲ್ಲಿ ಉಳಿದೆವು. ಮೊದಲು ಊಟ ಮಾಡಿ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೇ ಎಲೆಯ ಮುಂದೆ ಕೂತೆ. ಕುಂಬಳಕಾಯಿ ಹುಳಿ ಬಡಿಸಿದರು. ಮೊದಲ ತುತ್ತಿಗೇ ಎಳ್ಳಿನ ರುಚಿಯ ಗುರುತು ಸಿಕ್ಕಿತು. ಕಾಯಿಯ ಜತೆ ಹುರಿದ ಎಳ್ಳು ರುಬ್ಬುವುದು ನಮ್ಮ ಮನೆಯಲ್ಲಿ ಮಾತ್ರ. ಹಾಗಾದರೆ ಅಪ್ಪ ಸತ್ತಿಲ್ಲ, ಇಲ್ಲೇ ಅಡಗಿದ್ದಾನೆ! ಎಂಜಲು ಕೈಯಲ್ಲೇ ಅಡುಗೆಮನೆಗೆ ನುಗ್ಗಿದೆ. ಒಲೆಯ ಮುಂದೆ ಒಬ್ಬ ಮರಾಠಿ ಹೆಂಗಸು ಇದ್ದಳು, ಅಷ್ಟೇ.

"ಯಾರನ್ನು ಹುಡುಕ್ತೀರಿ?" ವಾಸಣ್ಣ ಹಿಂದೆ ಬಂದಿದ್ದ.

"ಈ ಹುಳಿ ನಿಮಗೆ ಕಲಿಸಿದ್ದು ಯಾರು? ಅದಕ್ಕೆ ಒಗ್ಗರಣೆ ಯಾಕಿಲ್ಲ?"

ಅವನು ಅಲ್ಲೇ ಮಣೆಯ ಮೇಲೆ ಕೂತ. "ದೋಣಿಯಲ್ಲಿ ತಿನ್ನಲಿಕ್ಕೆ ಏನೂ ಇರಲಿಲ್ಲ. ನಿಮ್ಮಪ್ಪ ದಿನಾ ಬಾಯಲ್ಲೇ ಅಡುಗೆ ಮಾಡ್ತಿದ್ರು, ನಾವು ಕೇಳ್ತಾ ಕೂರ್ತಿದ್ದೆವು. ಕಡೆಗೆ ಹೇಳಿದ್ದು ಈ ಹುಳಿ. ಕಾಯಿ ಅರೆದು ಹಾಕಿ ಕುದಿಸುವವರೆಗೆ ಹೇಳಿದ್ರು. ಸುಸ್ತಾಯ್ತು, ಒಗ್ಗರಣೆ ನಾಳೆ ಹೇಳ್ತೇನೆ ಅಂದ್ರು. ಬೆಳಿಗ್ಗೆ ಏಳಲಿಲ್ಲ. ಮತ್ತೆ ನಾನೇ ಒಂದು ಸೇರಿಸಲಿಕ್ಕೆ ಮನಸ್ಸು ಬರಲಿಲ್ಲ."

ನನಗೆ ಅಳು ಬಂತು. ಮರಳುವಾಗ ಗಾಡಿಯಲ್ಲಿ ಆ ಜಲಾಂತರ್ಗಾಮಿಯ ನೆನಪೇ ಆಗಲಿಲ್ಲ.

ಓಝರಿನಲ್ಲಿ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮರುದಿನ ಮಿಂದು ಬಂದವಳು ಕುಂಕುಮದ ಭರಣಿ ಮುಟ್ಟಲಿಲ್ಲ.

"ಬೆಳ್ಳುಳ್ಳಿ ಒಗ್ಗರಣೆ ಅಂದ್ರೆ ಅವರಿಗೆ ಜೀವ," ಎಂದಳು. "ವಾಸಣ್ಣನಿಗೆ ಹೇಳಿ ಕಳಿಸು ಮಗಾ."