ಸಾಂತಾಕ್ರೂಜಿನ ಫ್ಲ್ಯಾಟು, ಗೌರಿ ಬಾಗಿನ

ನಮ್ಮಣ್ಣ ತನ್ನ ಸಾಂತಾಕ್ರೂಜಿನ ಹೌಸಿಂಗ್ ಸೊಸೈಟಿಯಲ್ಲಿ ಮಹಿಳಾ ದಿನದ ಭಾಷಣ ಮಾಡಿದ ಸಂಜೆಯೇ ಅಕ್ಕನಿಗೂ ನನಗೂ ಹಕ್ಕು ಬಿಡುಗಡೆ ಪತ್ರದ ಕರಡು ತೋರಿಸಿದ. ಹೆಣ್ಣು ಮುಂದೆ ಬಾರದೆ ದೇಶ ಮುಂದೆ ಬಾರದು ಎಂದು ಮೈಕಿನಲ್ಲಿ ಹೇಳಿದ ಬಾಯಿ ಇನ್ನೂ ಆರಿರಲಿಲ್ಲ. ಅಮ್ಮ ಮೊದಲೇ ಹೋಗಿದ್ದಳು, ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದರು. ಕಾನೂನಿನ ಪ್ರಕಾರ, ಅಣ್ಣ ಈಗ ವಾಸವಿದ್ದ ಅಪ್ಪನ ಫ್ಲ್ಯಾಟಿನಲ್ಲಿ ನಮ್ಮ ಮೂವರಿಗೂ ಸಮಪಾಲು.

"ಕಾನೂನು ಕೋರ್ಟಿಗಿರ್ಲಿ ಕಣ್ರಮ್ಮ. ನಮ್ಮ ಸಂಸ್ಕೃತಿ ಅಂತ ಒಂದಿದೆಯಲ್ಲ? ಅರಿಶಿನ ಕುಂಕುಮ ತಗೊಂಡು ಸೈನ್ ಮಾಡಿ," ಎಂದ. ಅತ್ತಿಗೆ ಎರಡು ರೇಷ್ಮೆ ಸೀರೆಗಳನ್ನು ಆಗಲೇ ತಟ್ಟೆಯಲ್ಲಿಟ್ಟಿದ್ದಳು. ನಾನು ಸೈನ್ ಮಾಡುವುದಿಲ್ಲ ಎಂದು ಎದ್ದುಬಿಟ್ಟೆ.

ಅಕ್ಕ ಏಳಲಿಲ್ಲ. ಭಾವನ ಕೆಲಸ ಹೋದ ಮೇಲೆ ಅವಳು ಬೈಕುಲ್ಲಾದ ವಠಾರದಂಥ ಚಾಳಿನ ಬಾಡಿಗೆ ಕೋಣೆಯಲ್ಲಿ ಚಕ್ಕುಲಿ, ಕೋಡುಬಳೆ ಕರಿದು ಫೋರ್ಟ್ ಏರಿಯಾದ ಆಫೀಸುಗಳಿಗೆ ಮಾರುತ್ತಿದ್ದಳು. ಒಂದು ವರ್ಕ್‌ಶಾಪು ಹಿಡಿದು, ಮೆಷಿನ್ ಹಾಕಿ, ಚಾಳಿನ ನಾಲ್ಕು ಹೆಂಗಸರಿಗೆ ಕೆಲಸ ಕೊಡಬೇಕೆಂಬ ಆಸೆ. ನಾನು ಕೆಲಸ ಮಾಡುವ ಬ್ಯಾಂಕು ಅವಳನ್ನು ಕೇಳಿದ್ದು ಒಂದೇ: ಅಡಮಾನಕ್ಕೆ ಏನಿದೆ? ಇದ್ದದ್ದು ಆ ಪಾಲೊಂದೇ.

ಲೋಕಲ್ ಟ್ರೈನಿನಲ್ಲಿ ಹಿಂದಿರುಗುವಾಗ, ಅದನ್ನು ಬಿಟ್ಟುಕೊಡಬೇಡ ಎಂದೆ. "ನಿನಗೇನೇ, ಸಂಬಳ ಬರತ್ತೆ," ಎಂದಳು ಅಕ್ಕ. "ಪಾಲು ಕೇಳಿದ್ರೆ ತವರಿನ ಬಾಗಿಲು ಮುಚ್ಚಿಹೋಗತ್ತೆ. ಗೌರಿ ಹಬ್ಬಕ್ಕೆ ಬಾಗಿನ ತರೋಕೆ ಅಣ್ಣನ್ನ ಬಿಟ್ರೆ ನನಗ್ಯಾರಿದ್ದಾರೆ?"

ಅಕ್ಕ ಸೈನ್ ಮಾಡುವ ದಿನ, ಕೊನೇ ಗಳಿಗೆಯಲ್ಲಾದರೂ ತಡೆಯೋಣವೆಂದು ನೋಂದಣಿ ಕಚೇರಿಗೆ ನಾನೂ ಹೋದೆ. ಅಧಿಕಾರಿ ಕಂಪ್ಯೂಟರಿನಿಂದ ತಲೆ ಎತ್ತದೆ, "ಅಪ್ನೀ ಮರ್ಜೀ ಸೇ?" ಎಂದ. ಸ್ವಂತ ಇಷ್ಟದಿಂದಲೇ ಎಂದು ಅಕ್ಕ ತಲೆಯಾಡಿಸಿದಳು. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು. ಅಕ್ಕನ ಹೆಬ್ಬೆಟ್ಟಿನ ಗುರುತನ್ನು ಮೆಷಿನ್ ಮಾತ್ರ ಹಿಡಿಯಲಿಲ್ಲ. ಹಿಟ್ಟು ನಾದಿ, ಎಣ್ಣೆಯ ಮುಂದೆ ಕೂತು ಗೆರೆಗಳೆಲ್ಲ ಸವೆದಿದ್ದವು. ಅಣ್ಣ ತನ್ನ ಕರ್ಚೀಫಿನಿಂದ ಆ ಬೆರಳನ್ನು ಅಕ್ಕರೆಯಿಂದ ಒರೆಸಿ ಮತ್ತೆ ಒತ್ತಿಸಿದ. ಈ ಸಲ ಮೆಷಿನ್ ಹಿಡಿಯಿತು.

ವರ್ಕ್‌ಶಾಪನ್ನು ಬೇರೆ ಯಾರೋ ಹಿಡಿದರು. ಅಕ್ಕ ಅದೇ ಕೋಣೆಯಲ್ಲಿ ಒಬ್ಬಳೇ ಕರಿಯುತ್ತಾಳೆ.

ಆ ವರ್ಷದ ಗೌರಿ ಹಬ್ಬಕ್ಕೆ ಅವಳ ಮನೆಗೆ ಹೋದೆ. ಹೋಳಿಗೆ ಮಾಡಿಟ್ಟು, ಅದೇ ರೇಷ್ಮೆ ಸೀರೆಯುಟ್ಟು ಅಣ್ಣನ ದಾರಿ ನೋಡುತ್ತಿದ್ದಳು. ಮಧ್ಯಾಹ್ನ ಬೆಲ್ ಆಯಿತು. ಬಾಗಿನ ಬಂದಿತ್ತು, ರಟ್ಟಿನ ಡಬ್ಬದಲ್ಲಿ, ಟೇಪ್ ಸುತ್ತಿಕೊಂಡು, ಕೊರಿಯರ್‌ನಲ್ಲಿ. ಡೆಲಿವರಿಯವನು ಓಟಿಪಿ ಕೇಳಿದ. ಅಕ್ಕ ನಂಬರು ಹೇಳಿ, ಡಬ್ಬವನ್ನು ಕಣ್ಣಿಗೊತ್ತಿಕೊಂಡಳು.

"ಅಣ್ಣ ಮರೀಲಿಲ್ಲ ನೋಡೇ," ಎಂದಳು.